ನಕ್ಕು ಮರೆತ ಮಾತು

ಅಕ್ಕನ ಫೋನು ಬರುವುದು ಬೆಳಗ್ಗೆ, ಅದೂ ಟೀಚರಮ್ಮ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಿರುವ ಹೊತ್ತಿಗೇ. ಅಕ್ಕ ಶಾಲೆಮಕ್ಕಳ ಸಮವಸ್ತ್ರ ಹೊಲಿಯುವವಳು. ಮಷೀನಿನ ಮುಂದೆ ಕೂತಳೆಂದರೆ ಮತ್ತೆ ಸುಲಭಕ್ಕೆ ಏಳುವವಳಲ್ಲ. ಆದ್ದರಿಂದ ಕೂರುವ ಮುಂಚೆಯೇ ತನ್ನ ಮೈಯ ಸುದ್ದಿಯನ್ನೆಲ್ಲ ತಂಗಿಯ ಕಿವಿಗೆ ಹಾಕಿಬಿಡುತ್ತಿದ್ದಳು. ಮೊನ್ನೆ ಮಂಡಿ, ನಿನ್ನೆ ಸೊಂಟ, ಇವತ್ತು ಇನ್ನೇನೋ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ತಂಗಿಯೊಬ್ಬಳಿದ್ದರೆ ಬಿಟ್ಟಿ ಸಲಹೆಯನ್ನು ಯಾರು ತಾನೇ ಬಿಡುತ್ತಾರೆ? ಟೀಚರಮ್ಮನಿಗೂ ರೂಢಿಯಾಗಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಹೂಂ, ಹೂಂ" ಅನ್ನುತ್ತಲೇ ಅರ್ಧ ಮನೆಗೆಲಸ ಮುಗಿಸುತ್ತಿದ್ದಳು.

"ಪುಟ್ಟೀ, ನಂಗೆ ಮತ್ತೆ ಹರೆಯ ಬಂದಿದೆ ಕಣೇ," ಅಂದಳು ಅಕ್ಕ ಆ ದಿನ. ತಂಗಿಗೆ ಐವತ್ತಾದರೂ ಅವಳ ಬಾಯಲ್ಲಿ ಪುಟ್ಟಿಯೇ. "ಮುಟ್ಟು ನಿಂತು ವರ್ಷಗಳೇ ಆಗಿತ್ತಲ್ಲ, ಮತ್ತೆ ಶುರು ಹಚ್ಕೊಂಡಿದೆ."

"ಹಾಗಾದ್ರೆ ನಿನಗೊಂದು ಗಂಡು ನೋಡೋಣ ಬಿಡು," ಅಂದಳು ಟೀಚರಮ್ಮ, ಮಂಚದ ಕೆಳಗೆ ಬಗ್ಗಿ. ಇಬ್ಬರೂ ನಕ್ಕರು. ಚಪ್ಪಲಿ ಸಿಕ್ಕಿತು. ಬಸ್ಸಿಗೆ ಹೊತ್ತಾಯಿತೆಂದು ಫೋನಿಟ್ಟಳು.

ಅವತ್ತಿನ ಪಾಠ ಹೆಣ್ಣಿನ ಆರೋಗ್ಯ, ಹುಟ್ಟಿನಿಂದ ಮುಪ್ಪಿನವರೆಗೆ. ಟೀಚರಮ್ಮ ಪ್ರತಿ ವರ್ಷದಂತೆ ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದಳು. ಈ ತುದಿಯಲ್ಲಿ ಕೂಸು, ಆಮೇಲೆ ಮೈನೆರೆಯುವ ಹುಡುಗಿ, ಬಸುರಿ, ಬಾಣಂತಿ, ನಡುವಯಸ್ಸು, ಮುದುಕಿ. ಗೆರೆಯ ಉದ್ದಕ್ಕೂ ಓಡಾಡುತ್ತ ಪಾಠ ಹೇಳುವುದು ಅವಳ ಪದ್ಧತಿ. ಹೆಣ್ಣುಮಕ್ಕಳು ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಡುಗೆಯ ಮಾತಿನ ನಡುವೆಯೋ ಗಂಡನ ದೂರಿನ ನಡುವೆಯೋ ತೂರಿಸಿಬಿಡುತ್ತಾರೆ, ನಿಮ್ಮ ಕಿವಿ ಅಲ್ಲಿರಬೇಕು ಎಂದು ಅವಳು ಹೇಳಿದರೆ ಹುಡುಗಿಯರು ತಲೆದೂಗುತ್ತಿದ್ದರು. ಹೇಳುವ ಮಾತೇನೋ ಬಂಗಾರದಂಥದ್ದೇ.

"ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ರಕ್ತ ಕಂಡ್ರೆ ಏನು ಮಾಡ್ಬೇಕು?" ಎಂದು ಕೇಳಿದಳು.

ಮುಂದಿನ ಬೆಂಚಿನಿಂದ ಗಿಳಿ ಎದ್ದು ನಿಂತಳು. ಪುಸ್ತಕವನ್ನು ಅಕ್ಷರ ಬಿಡದೆ ಉರುಹೊಡೆದು ಒಪ್ಪಿಸುವ ಹುಡುಗಿಗೆ ತರಗತಿ ಇಟ್ಟ ಹೆಸರು ಅದು. ಅವಳು ಬಾಯಿ ತೆರೆದರೆ ಟೀಚರಮ್ಮನಿಗೂ ಒಳಗೊಳಗೇ ಆಕಳಿಕೆ ಬರುತ್ತಿತ್ತು.

"ಒಂದು ತೊಟ್ಟು ಕಂಡರೂ ತಡಮಾಡದೆ ವೈದ್ಯರ ಬಳಿ ಕಳುಹಿಸಬೇಕು. ಎಲ್ಲವೂ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಪರೀಕ್ಷೆ ಮಾಡದೆ ಅಲ್ಲವೆಂದು ಹೇಳಬಾರದು."

"ಸರಿ, ಕೂತ್ಕೋ," ಅನ್ನಲು ಹೊರಟ ಟೀಚರಮ್ಮನಿಗೆ ಅಕ್ಕನ ಬೆಳಗಿನ ಮಾತು ಈಗ ಕಿವಿಗೆ ಬಿತ್ತು. ಬೋರ್ಡಿಗೆ ಒತ್ತಿದ್ದ ಮಾರ್ಕರ್ ಅಲ್ಲೇ ನಿಂತು ಕಪ್ಪು ಚುಕ್ಕೆ ದೊಡ್ಡದಾಗುತ್ತ ಹೋಯಿತು. ಅಮ್ಮ ಹೋದ ಮೇಲೆ ತನ್ನನ್ನು ಬೆಳೆಸಿದವಳು, ಹೊಲಿದು ಹೊಲಿದು ಇದೇ ನರ್ಸಿಂಗ್ ಓದಿಸಿದವಳು, ಅವಳಿಗೆ ಗಂಡು ನೋಡೋಣವಂತೆ. ಟೀಚರಮ್ಮನಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯ ಹುಟ್ಟಿತು.

ನೀರು ಕುಡಿದು ಬರುವೆನೆಂದು ಹೊರಗೆ ಬಂದು ಫೋನು ಮಾಡಿದಳು. ಅಕ್ಕ ಎತ್ತಲಿಲ್ಲ. ಮಷೀನು ಓಡುತ್ತಿದ್ದರೆ ಅವಳಿಗೆ ಗುಡುಗೂ ಕೇಳಿಸದು. ಪಾಠಕ್ಕೆ ಮರಳಿ ನಾಲ್ಕು ಮಾತಾಡಿ ಮತ್ತೆ ಹೊರಗೆ ಬಂದಳು. ಬಾಣಂತಿಯ ಆಹಾರ ಹೇಳಬೇಕಾದಲ್ಲಿ ಮುದುಕಿಯ ಮೂಳೆ ಹೇಳಿದಳು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಪಾಠ ಮುಗಿಯುವ ಹೊತ್ತಿಗೆ ಕಾರಿಡಾರಿನ ಉದ್ದ ಅವಳ ಕಾಲಿಗೆ ಬಾಯಿಪಾಠವಾಗಿತ್ತು.

ಊಟದ ಹೊತ್ತಿಗೆ ಅಕ್ಕ ಸಿಕ್ಕಳು. ಟೀಚರಮ್ಮ ಹಲೋ ಕೂಡ ಅನ್ನದೆ ಎಷ್ಟು ದಿನದಿಂದ, ಎಷ್ಟು ಹೋಗ್ತಿದೆ, ನೋವಿದೆಯಾ ಎಂದು ಮೇಲಿಂದ ಮೇಲೆ ಕೇಳಿದಳು. ಆ ದನಿಗೆ ಅಕ್ಕ ಮನಸ್ಸಿನ ಬಾಗಿಲು ಹಾಕಿಕೊಂಡಳು.

"ಅಯ್ಯೋ, ತಮಾಷೆಗೆ ಅಂದೆ ಕಣೇ. ಎಲ್ಲೋ ಒಂದಿನ ಸ್ವಲ್ಪ ಕಂಡಿತ್ತು ಅಷ್ಟೆ. ನೀನ್ಯಾಕೆ ಪೊಲೀಸರ ಥರ ಕೇಳ್ತೀಯ?"

ಗದರಿದರೆ ಅಕ್ಕ ಇನ್ನೂ ಒಳಸರಿಯುತ್ತಾಳೆಂದು ಟೀಚರಮ್ಮನಿಗೆ ಗೊತ್ತು. ನಿನ್ನ ಒಳ್ಳೇದಕ್ಕೆ ಬಾ ಅಂದರೆ ಬರುವವಳಲ್ಲ, ತಂಗಿಗಾಗಿ ಅಂದರೆ ಎದ್ದ ಹಾಗೇ ಬರುವವಳು. ಕಾಲೇಜಿನ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ಹುಡುಗಿಯರು ರೋಗಿಗಳನ್ನು ವಿಚಾರಿಸಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಡಾಕ್ಟರಮ್ಮ ನೋಡುತ್ತಿದ್ದರು.

"ಇವತ್ತು ಪೇಷಂಟ್‌ಗಳು ಕಮ್ಮಿ ಅಕ್ಕಾ," ಅಂತ ಹಸಿ ಸುಳ್ಳು ಹೇಳಿದಳು. "ಹುಡುಗೀರಿಗೆ ಕಲಿಸೋಕಾಗ್ತಿಲ್ಲ. ಸ್ವಲ್ಪ ಬಂದು ಕೂತ್ಕೋತೀಯಾ?"

"ಅದಕ್ಕೇನಂತೆ, ಗುಂಡಿ ಕಾಜ ಒಂದು ಮುಗಿಸಿ ಬರ್ತೀನಿ."

ಒಂದು ಕಾಜಕ್ಕೆ ಎಷ್ಟು ಹೊತ್ತು ಬೇಕು? ಟೀಚರಮ್ಮ ಗೇಟಿಗೂ ಕ್ಲಿನಿಕ್ಕಿಗೂ ನಡುವೆ ಮಗ್ಗದ ಲಾಳಿಯಂತೆ ಓಡಾಡಿದಳು. ತನ್ನ ಮನೆಯವರನ್ನು ತಾನೇ ವಿಚಾರಿಸಬಾರದೆನ್ನುವುದು ಅಲ್ಲಿನ ನಿಯಮ. ಚುರುಕಾದ ಹುಡುಗಿಯರೆಲ್ಲ ಆಗಲೇ ಒಬ್ಬೊಬ್ಬ ರೋಗಿಯನ್ನು ಹಿಡಿದು ಕೂತಿದ್ದರು. ಉಳಿದವಳು ಗಿಳಿ. ಬೇರೆ ದಾರಿಯಿರಲಿಲ್ಲ. ಅಕ್ಕ ನಗುನಗುತ್ತ ಬಂದು, ಬಟ್ಟೆಗೆ ಅಂಟಿದ ದಾರದ ಚೂರು ಕೊಡವಿಕೊಂಡು ಕುರ್ಚಿಯಲ್ಲಿ ಕೂತಳು. ಟೀಚರಮ್ಮ ಹೊರಗೆ ಹೋದಂತೆ ನಟಿಸಿ ಬಟ್ಟೆಯ ಪರದೆಯ ಹಿಂದೆ ನಿಂತಳು. ನಾಚಿಕೆಗೇಡಿನ ಕೆಲಸವೇ, ಆದರೂ ನಿಂತಳು.

ಗಿಳಿ ತನ್ನ ಪ್ರಶ್ನೆಗಳನ್ನು ಒಂದೊಂದಾಗಿ ಒಪ್ಪಿಸತೊಡಗಿದಳು. ಕೊನೆಗೆ ಆ ಪ್ರಶ್ನೆ ಬಂತು.

"ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗಿದೆಯಾ?"

"ನಂಗೆ ಮತ್ತೆ ಹರೆಯ ಬಂದಿದೆ ತಾಯೀ, ಗಂಡು ಹುಡುಕ್ತಿದ್ದಾರೆ."

ಗಿಳಿ ನಗಲಿಲ್ಲ. ಉತ್ತರ ಬರುವವರೆಗೆ ಮುಂದಿನ ಪ್ರಶ್ನೆಗೆ ಹೋಗಬಾರದೆಂದು ಅವಳು ಓದಿದ್ದಳು, ನಗಬೇಕೆಂದು ಎಲ್ಲೂ ಓದಿರಲಿಲ್ಲ. ಪೆನ್ನು ಹಿಡಿದು ಕಾದಳು. ಅಕ್ಕನ ನಗು ಹೋಗಲು ಜಾಗವಿಲ್ಲದೆ ಆರಿತು.

"ಆಗಿದೆ," ಅಂದಳು. "ಚಳಿಗೆ ಮುಂಚೆಯಿಂದ. ಮೊದ್ಲು ಕಲೆ ಥರ ಇತ್ತು, ಈಗ ಜಾಸ್ತಿ. ಕೂತ ಕಡೆ ಬಟ್ಟೆ ಹಾಕ್ಕೊಂಡು ಹೊಲೀತೀನಿ."

ಪರದೆಯ ಹಿಂದೆ ಟೀಚರಮ್ಮ ತಿಂಗಳು ಎಣಿಸಿದಳು. ಈಗ ಬಿಸಿಲುಗಾಲ.

"ಯಾರಿಗಾದ್ರೂ ತಿಳಿಸಿದ್ರಾ?" ಗಿಳಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ನನ್ನ ತಂಗಿಗೆ ಹೇಳ್ದೆ. ಒಂದ್ಸಲ ಅಲ್ಲ, ಬೇಕಾದಷ್ಟು ಸಲ. ನೆಟ್ಟಗೆ ಹೇಳೋಕೆ ಭಯ, ಅದಕ್ಕೆ ತಮಾಷೆ ಮಾಡಿ ಹೇಳ್ತಿದ್ದೆ. ಅವಳೂ ಹೂಂ ಅಂತಿದ್ಳು, ನಗ್ತಿದ್ಳು. ಅವಳು ಇದನ್ನೇ ಓದ್ಕೊಂಡವಳು ತಾಯೀ, ಅವಳೇ ನಗ್ತಾಳೆ ಅಂದ್ಮೇಲೆ ಏನೂ ಇರಲ್ಲ ಅಂತ ಧೈರ್ಯ ತಂದ್ಕೊಂಡೆ."

ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಆಮೇಲೆ ಕುರ್ಚಿ ಕಿರುಗುಟ್ಟಿತು.

"ಅದನ್ನೂ ಬರೀತಿದ್ಯಾ? ಬೇಡಮ್ಮ, ಹೊಡೆದು ಹಾಕು. ಅವಳಿಗೆ ಕೈತುಂಬಾ ಕೆಲ್ಸ, ಪಾಪ. ಯಾರಾದ್ರೂ ಓದಿದ್ರೆ ಅವಳ ಹೆಸರು ಕೆಡುತ್ತೆ."

ಗಿಳಿಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪೆನ್ನು ನಿಂತುಬಿಟ್ಟಿತು. ಟೀಚರಮ್ಮ ಪರದೆ ಸರಿಸಿದಳು.

"ಹೊಡೆದು ಹಾಕ್ಬೇಡ," ಅಂದಳು. "ಅವರು ಹೇಳಿದ ಹಾಗೇ ಬರ್ಕೊ."

ಅಕ್ಕ ತಿರುಗಿ ನೋಡಿದಳು. ಮೊದಲು ಗಾಬರಿ, ಆಮೇಲೆ ಅಕ್ಕನ ಹಳೆಯ ಸಿಟ್ಟು. "ಕದ್ದು ಕೇಳ್ತಿದ್ಯಾ?"

"ಹೂಂ ಅಕ್ಕಾ. ಕದ್ದಾದ್ರೂ ಕೇಳಿದ್ನಲ್ಲ."

ಒಳಗಿನಿಂದ ಡಾಕ್ಟರಮ್ಮ ಮುಂದಿನವರನ್ನು ಕರೆದರು. ಅಕ್ಕ ಏನೋ ತಮಾಷೆ ಹೇಳಲು ಬಾಯಿ ತೆರೆದಳು. ಅದನ್ನು ಅಲ್ಲಿಗೇ ಬಿಟ್ಟು, ಕೈ ಚಾಚಿ ತಂಗಿಯ ಮುಂಗೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ತಣ್ಣಗಿದ್ದವು.

"ಭಯ ಆಗ್ತಿದೆ ಪುಟ್ಟೀ," ಅಂದಳು.