ಗೀರು ಎಡಕ್ಕೆ

"ಎಂಟು ಮಡಿಕೆನಾ? ಅಯ್ಯಯ್ಯೋ, ಸೂಜಿ ಮುರಿದು ಕಣ್ಣಿಗೆ ಹಾರೀತು ಕಣಮ್ಮ!" ಎಂದು ಕಂಡಕ್ಟರ್ ಕೂಗಿದ. ಅವನಿದ್ದದ್ದು ಸ್ವಂತ ಮನೆಯ ನಡುಕೋಣೆಯಲ್ಲಿ, ಬಸ್ಸಿನಲ್ಲಲ್ಲ. ಆದರೂ ಹಿಂದಿನ ಸೀಟಿನವರಿಗೆ ಕೇಳಿಸುವ ಹಾಗೆ ಮಾತಾಡಿ ಮಾತಾಡಿ ಗಂಟಲು ಹಾಗೇ ಆಗಿಬಿಟ್ಟಿತ್ತು.

ಹೊಲಿಗೆ ಮಿಷನ್ ಕೊಳ್ಳಲು ಬಂದವಳು ತಲೆ ಎತ್ತಲಿಲ್ಲ. ಮನೆಯಿಂದ ತಂದಿದ್ದ ಕ್ಯಾನ್ವಾಸ್ ತುಂಡನ್ನು ಮಡಿಸಿ ಮಡಿಸಿ, ಹೆಬ್ಬೆರಳಿನಷ್ಟು ದಪ್ಪ ಮಾಡಿ ಮಿಷನ್ನಿನ ಪಾದದ ಕೆಳಗೆ ತುರುಕಿದಳು. ಮಾರುವವರು ಕೊಡುವ ತೆಳ್ಳನೆ ಬಟ್ಟೆಯ ಮೇಲೆ ಎಂಥ ಡಬ್ಬಾ ಮಿಷನ್ನೂ ಚೆನ್ನಾಗಿ ಹೊಲಿದು ತೋರಿಸುತ್ತದೆ, ಅದೆಲ್ಲ ಅವಳಿಗೆ ಗೊತ್ತಿಲ್ಲದ್ದಲ್ಲ. ಈ ವಾರ ನೋಡಿದ್ದ ಮೊದಲನೆಯದರ ಮೈ ಬಿರುಕು ಬಿಟ್ಟು ಅದರ ಮೇಲೆ ಬಣ್ಣ ಬಳಿದಿದ್ದರು. ಎರಡನೆಯದರಲ್ಲಿ ಸೂಜಿ ಹಿಡಿಯುವ ದಂಡವೇ ಬಾಗಿತ್ತು. ಇದು ಹಾಗಲ್ಲ. ಕೈಚಕ್ರ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಅಲುಗಾಡಿಸಿದರೆ ಒಂದು ಕಡೆಯೂ ಗಲಗಲ ಅನ್ನಲಿಲ್ಲ.

ಇದನ್ನು ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ಲಾರಿ ಟಾರ್ಪಾಲಿನ್ ಅಂಗಡಿಯವನು ಕಡ್ಡಿ ಮುರಿದ ಹಾಗೆ ಹೇಳಿದ್ದ: "ದಪ್ಪ ಹೊಲಿಯೋ ಮಿಷನ್ ತಂದ್ರೆ ನಾಳೆಯಿಂದಾನೇ ಕೆಲಸ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ." ತಾನು ದುಡಿಯುತ್ತಿದ್ದ ಡೇರೆ ಫ್ಯಾಕ್ಟರಿ ಮುಚ್ಚಿದ ಮೇಲೆ ಪ್ಯಾಂಟಿನ ತುದಿ ಮಡಿಸುವುದು, ದಿಂಬಿನ ಕವರು ಹೊಲಿಯುವುದು, ಇಷ್ಟರಲ್ಲೇ ಅವಳ ದಿನಗಳು ಸವೆದಿದ್ದವು. ಬೆಟ್ಟದಷ್ಟು ಕ್ಯಾನ್ವಾಸನ್ನು ಮಡಿಲಲ್ಲಿ ಹಾಕಿಕೊಂಡು ಹೊಲಿದ ಕೈಗೆ ಅದೊಂದು ಕೆಲಸವೇ? ಕೆಳಗೆ ಬೀದಿಯಲ್ಲಿ ಟೆಂಪೊ ಕಾಯುತ್ತಿತ್ತು. ಬರಿಗೈಯಲ್ಲಿ ಹೋಗಲೇಬಾರದು ಅಂತ ಗಟ್ಟಿ ಮನಸ್ಸು ಮಾಡಿಯೇ ಮೆಟ್ಟಿಲು ಹತ್ತಿದ್ದಳು.

ಸ್ವಿಚ್ಚು ಒತ್ತಿದಳು. ಮೋಟರು ಗುಂಯ್ ಎಂದಿತು, ನೆಲ ಸಣ್ಣಗೆ ನಡುಗಿತು. ಪೆಡಲು ತುಳಿದಳು. ಕ್ಯಾನ್ವಾಸು ಮುಂದೆ ಸರಿಯಿತು, ಆದರೆ ಹೊಲಿಗೆ ಸರಿಯಾಗಿ ಬೀಳಲಿಲ್ಲ. ಒಂದು ಬಿದ್ದರೆ ಎರಡು ಹಾರುತ್ತಿತ್ತು.

"ಹುಕ್ಕು ಹೋಗಿದೆ," ಎಂದಳು. "ಒಳಗಡೆ ದಾರ ಹಿಡಿಯೋ ಕೊಂಡಿ. ಪೂರ್ತಿ ಸವೆದುಹೋಗಿದೆ."

ಮೋಟರಿನ ಸದ್ದಿನಲ್ಲಿ ಕಂಡಕ್ಟರಿಗೆ ಅದು ಕೇಳಿಸಲಿಲ್ಲ. ಅವನು ಕಿವಿ ಹತ್ತಿರ ತಂದ. ಅವಳು ಮಾತ್ರ, ಮಿಷನ್ ಸದ್ದು ಮಾಡುವಾಗ ಹಳೆಯ ಅಭ್ಯಾಸದಂತೆ, ಮುಖ ಎತ್ತಿ ಎದುರುಗಡೆ ನೋಡಿದಳು.

ಎದುರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಇವಳು ಬಂದಾಗ ಬೆನ್ನು ತಿರುಗಿಸಿಕೊಂಡು ಬೀದಿ ನೋಡುತ್ತಿದ್ದವಳು ಈಗ ಇತ್ತ ತಿರುಗಿದ್ದಳು. ಕುತ್ತಿಗೆಗೆ ಬಟ್ಟೆ ಸುತ್ತಿತ್ತು. ತುಟಿಗಳು ಅಗಲವಾಗಿ, ಸ್ಪಷ್ಟವಾಗಿ ಆಡಿದವು:

"ಹುಕ್ಕಲ್ಲ ಕಣೇ ಕತ್ತೆ. ಸೂಜಿ ನೋಡು. ಗೀರು ಎಡಕ್ಕೆ."

ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಈ ಭೂಮಿಯ ಮೇಲೆ ಆ ಮಾತನ್ನು ಹಾಗೆ ಹೇಳುವವರು ಒಬ್ಬರೇ. ಕತ್ತರಿ ಅಕ್ಕ! ನಾಲಿಗೆ ಅಷ್ಟು ಹರಿತ ಅಂತ ಫ್ಯಾಕ್ಟರಿಯಲ್ಲಿ ಇಟ್ಟ ಹೆಸರು. ಬಾಗಿಲು ತುಂಬುವಂಥ ಹೆಂಗಸು ಒಣಗಿ ಒಂದು ಹಿಡಿಯಾಗಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನ ಇವಳ ಬೆರಳು ಹಿಡಿದು ಸೂಜಿಯ ಉದ್ದ ಗೀರನ್ನು ಉಗುರಿನಿಂದ ಮುಟ್ಟಿಸಿ, ಗೀರು ಎಡಕ್ಕಿರಬೇಕು ಅಂತ ಕಲಿಸಿದವಳು ಅವಳೇ. ಇವಳಿಗೆ ಗುಬ್ಬಿ ಅಂತ ಹೆಸರಿಟ್ಟವಳೂ ಅವಳೇ.

ಆ ಫ್ಯಾಕ್ಟರಿಯೊಳಗೆ ಸಾಲು ಸಾಲು ಮಿಷನ್ನುಗಳ ಗದ್ದಲದಲ್ಲಿ ಯಾರು ಎಷ್ಟು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಹಾಗಂತ ಹೆಂಗಸರು ಮಾತಿಲ್ಲದೆ ಇರುತ್ತಾರೆಯೇ? ಎಲ್ಲರೂ ತುಟಿಯಲ್ಲೇ ಮಾತಾಡುತ್ತಿದ್ದರು. ಅತ್ತೆಯ ಕಾಟ, ಮಗುವಿನ ಜ್ವರ, ಯಾರದೋ ಮದುವೆ, ಎಲ್ಲವೂ ಸದ್ದಿಲ್ಲದೆ ಈ ಸಾಲಿನಿಂದ ಆ ಸಾಲಿಗೆ ಓಡಾಡುತ್ತಿತ್ತು. ಸೂಪರ್‌ವೈಸರ್ ಮುಂದೆ ನಿಂತಿದ್ದಾಗಲೇ ಅವನ ಬೋಳುತಲೆಯನ್ನು ಆಡಿಕೊಳ್ಳುತ್ತಿದ್ದರು. ಹುಡುಗಿಯರು ನಗುನಗುತ್ತಾ ದುಡಿಯುತ್ತಾರೆ ಅಂತ ಪಾಪ ಅವನಿಗೆ ಖುಷಿಯೋ ಖುಷಿ. ಎಂಥ ದಿನಗಳು ಅವು! ಸಂಜೆ ಗೇಟಿನ ಹೊರಗೆ ಬಂದರೆ ಒಬ್ಬರ ದನಿ ಒಬ್ಬರಿಗೆ ಹೊಸದೆನಿಸುತ್ತಿತ್ತು, ಸುಮ್ಮನೆ ತಲೆಯಾಡಿಸಿ ಮನೆ ಕಡೆ ಹೊರಡುತ್ತಿದ್ದರು.

ಗುಬ್ಬಿ ಬೇಗ ಬೇಗ ಸೂಜಿ ಬಿಚ್ಚಿ ಉಗುರು ಆಡಿಸಿದಳು. ಗೀರು ಬಲಕ್ಕಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಿರುಗಿಸಿ ಹಾಕಿ, ದಾರ ಪೋಣಿಸಿ ಪೆಡಲು ತುಳಿದಳು. ಎಂಟು ಮಡಿಕೆಯ ಮೇಲೆ ಹೊಲಿಗೆ ಸಾಲಾಗಿ, ಬಿಗಿಯಾಗಿ ಬಿದ್ದುಕೊಂಡು ಹೋಯಿತು. ಆ ಸದ್ದು ಅಂಗಾಲಿನಿಂದ ಎದೆಯವರೆಗೆ ಹತ್ತಿತು. ತಾನು ಇಷ್ಟು ವರ್ಷ ಕಳೆದುಕೊಂಡದ್ದು ಇದನ್ನೇ ಅನ್ನಿಸಿ ಕಣ್ಣು ತುಂಬಿತು.

ಮೋಟರು ಆರಿಸಿದಾಗ ಕಂಡಕ್ಟರ್ ಹಿಗ್ಗಿಹೋಗಿದ್ದ. "ನಾನೇ ಹಾಕಿದ್ದು ಸೂಜಿ, ಬೆಳಿಗ್ಗೆ. ಬೆಲ್ಟು ಸೂಜಿ ಎರಡೂ ಕಳಚಿಟ್ಟಿದ್ದೆ. ಅಮ್ಮನಿಗೆ ಗಂಟಲು ಆಪರೇಷನ್ ಆಗಿ ದನಿ ಪೂರ್ತಿ ಹೋಯ್ತು ನೋಡಿ. ಬರೆಯೋಕೂ ಬರಲ್ಲ. ಅವತ್ತಿಂದ ಮಿಷನ್ ಕಡೆ ಕೈ ತೋರಿಸೋದು, ಎದೆ ಬಡ್ಕೊಳ್ಳೋದು, ಅಳೋದು. ಬಟ್ಟೆ ಮುಚ್ಚಿದ್ರೆ ಕಿತ್ತು ಬಿಸಾಡಿದ್ರು. ಅದನ್ನ ನೋಡಿದ್ರೇನೇ ಅವರಿಗೆ ಸಂಕಟ. ಕಣ್ಣೆದುರಿಗೆ ಇರೋದೇ ಬೇಡ ಅಂತ ಮಾರ್ತಿದೀನಿ." ಆಮೇಲೆ ಕಿಟಕಿಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ: "ಅಲ್ವೇನಮ್ಮಾ?"

ಕತ್ತರಿ ಅಕ್ಕ ಮಗನನ್ನು ನೋಡಲೇ ಇಲ್ಲ. ಗುಬ್ಬಿಯನ್ನೇ ನೋಡುತ್ತಾ ತುಟಿ ಆಡಿಸಿದಳು. ಕೈ ಎದೆಯನ್ನು ಎರಡು ಸಲ ಬಡಿಯಿತು. ಆಡಿ ಮುಗಿಸಿ, ಗಲ್ಲ ಒರೆಸಿಕೊಂಡಳು.

ಅಕ್ಕನ ದನಿ ಹೇಗಿತ್ತು ಅಂತ ಯಾರಾದರೂ ಕೇಳಿದ್ದರೆ ಗುಬ್ಬಿಗೆ ಹೇಳಲು ಬರುತ್ತಿರಲಿಲ್ಲ. ಅವಳ ಪಾಲಿಗೆ ಅಕ್ಕನ ಮಾತು ಒಂದಿಷ್ಟೂ ಕಮ್ಮಿಯಾಗಿರಲಿಲ್ಲ.

"ನೋಡಿದ್ರಾ, ಇದೇ ಗೋಳು," ಎಂದ ಕಂಡಕ್ಟರ್. "ನಿಮಗೇನಾದ್ರೂ ಗೊತ್ತಾಯ್ತಾ? ತಗೊಂಡು ಹೋಗು ಅಂತಿದಾರಾ?"

ಹೂಂ ಅಂದಿದ್ದರೆ ಸಾಕಿತ್ತು. ಅಕ್ಕ ಕೈಕಾಲು ಬಡಿದರೂ ಇನ್ನೊಮ್ಮೆ ಸಂಕಟ ಅಂತಲೇ ಮಗ ತಿಳಿಯುತ್ತಿದ್ದ. ಮಿಷನ್ ಮೆಟ್ಟಿಲಿಳಿದು ಟೆಂಪೊ ಹತ್ತುತ್ತಿತ್ತು. ಗುಬ್ಬಿ ಕ್ಯಾನ್ವಾಸಿನ ಮೇಲೆ ತಾನೇ ಹಾಕಿದ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಎಂಥ ಹೊಲಿಗೆ! ಇನ್ನೊಂದು ಇಂಥದ್ದು ಎಲ್ಲಿ ಹುಡುಕಲಿ? ದೇವರೇ, ಬೇರೆ ಯಾರ ಮನೆಯದಾದರೂ ಆಗಿರಬಾರದಿತ್ತೇ ಇದು ಅಂದುಕೊಂಡಳು.

ಆಮೇಲೆ ಅಕ್ಕ ಹೇಳಿದ್ದನ್ನು ಬೈಗುಳದ ಸಮೇತ, ಇದ್ದದ್ದು ಇದ್ದ ಹಾಗೇ ಹೇಳಿಬಿಟ್ಟಳು:

"‘ಹೋಗಿರೋದು ನನ್ನ ಗಂಟಲು ಕಣೋ ದಡ್ಡ, ಕೈಯಲ್ಲ. ಹೊಲೀತೀನಿ ಅಂತ ಕೈ ತೋರಿಸಿದ್ರೆ ಬಟ್ಟೆ ಮುಚ್ತೀಯಾ? ನನ್ನದು ಅಂತ ಎದೆ ಮುಟ್ಕೊಂಡ್ರೆ ಮಾರಕ್ಕೆ ಹೊರಡ್ತೀಯಾ?’"

ಕಂಡಕ್ಟರ್ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಕ್ಕರಿಸಿದ. ಕಣೋ ದಡ್ಡ! ಆಪರೇಷನ್ ಆದಂದಿನಿಂದ ಅವನನ್ನು ಯಾರೂ ಹಾಗೆ ಬೈದಿರಲಿಲ್ಲ.

"ಇನ್ನೂ... ಇನ್ನೇನಾದ್ರೂ ಅಂದ್ರಾ?"

ಗುಬ್ಬಿ ಕಿಟಕಿಯ ಕಡೆ ನೋಡಿ, ಮತ್ತೆ ಇತ್ತ ತಿರುಗಿದಳು. "ಕಿರುಚಬೇಡ ಅಂತಾರೆ. ಕಿವಿ ಚೆನ್ನಾಗೇ ಇದೆಯಂತೆ. ಆಮೇಲೆ ಹಾಲಿಗೆ ಸಕ್ಕರೆ ಹಾಕಬಾರದಂತೆ. ಹೇಳಿ ಹೇಳಿ ಸಾಕಾಗಿದೆಯಂತೆ."

"ಅಮ್ಮಾ," ಎಂದ ಅವನು. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂತು.

ಕತ್ತರಿ ಅಕ್ಕ ಎದ್ದು ಬಂದಳು. ಗುಬ್ಬಿಯ ಹೆಗಲು ತಟ್ಟಿ, ಏಳು ಅಂತ ಹುಬ್ಬು ಹಾರಿಸಿದಳು. ಗುಬ್ಬಿ ಸ್ಟೂಲು ಬಿಟ್ಟು ಎದ್ದಳು. ಏಳುವಾಗ ಕಾಲು ಭಾರವಾಗಿತ್ತು, ಸುಳ್ಳೇಕೆ ಹೇಳಬೇಕು. ಅಕ್ಕ ಕೂತು, ಸ್ವಿಚ್ಚು ಒತ್ತಿ, ಗುಬ್ಬಿಯ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸಾಲು ಎಳೆದಳು. ಆ ತುಂಡನ್ನು ಅವಳ ಕೈಗಿತ್ತು, "ನಿಂದು ಇನ್ನೂ ಸೊಟ್ಟ," ಎಂದಳು ತುಟಿಯಲ್ಲೇ. ಇಬ್ಬರೂ ನಕ್ಕರು. ಮಗ ಯಾಕೆ ಅಂತ ತಿಳಿಯದೆ, ಅಮ್ಮನ ಹತ್ತಿರಕ್ಕೆ ಸರಿದು ಅವಳ ಬಾಯಿಯನ್ನೇ ನೋಡುತ್ತಿದ್ದ. "ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ," ಎಂದ.

ಗುಬ್ಬಿ ಮೆಟ್ಟಿಲಿಳಿದು ಬೀದಿಗೆ ಬಂದಾಗ ಮೇಲಿನ ಕಿಟಕಿಯಿಂದ ಮಿಷನ್ನಿನ ಸದ್ದು ಧಡಧಡನೆ ಬೀಳುತ್ತಿತ್ತು. ಟೆಂಪೊದವನು ಹಗ್ಗ ಹಿಡಿದುಕೊಂಡು ಸಿದ್ಧವಾಗಿ ನಿಂತಿದ್ದ.

"ಎಲ್ಲಕ್ಕ, ಮಿಷನ್?"

ಅವಳು ಹೇಳಿದಳು. ಅವನು ಹುಬ್ಬುಗಂಟಿಕ್ಕಿ ಹತ್ತಿರ ಬಂದು, ಕಿವಿಗೆ ಕೈ ಇಟ್ಟುಕೊಂಡ.

"ಏನು? ಕೇಳಿಸ್ಲಿಲ್ಲ, ಜೋರಾಗಿ ಹೇಳಿ."

ಕ್ಯಾನ್ವಾಸ್ ತುಂಡು ಇನ್ನೂ ಅವಳ ಕೈಯಲ್ಲೇ ಇತ್ತು. ತಾನು ಬರೀ ತುಟಿ ಆಡಿಸಿದ್ದೆ ಅನ್ನುವುದು ಅವಳಿಗೆ ಗೊತ್ತಾದದ್ದೇ ಆಗ.