ಹಲ್ಲಿನ ಹಿಂದಿನ ಮನೆ

ನಮ್ಮ ಬಿಲ್ಡಿಂಗಿನ ಮುಖ ನೋಡುವ ಹಾಗಿರಲಿಲ್ಲ, ಒಪ್ಪುತ್ತೇನೆ. ಬಣ್ಣ ಉದುರಿದ ಗೋಡೆ, ತುಕ್ಕು ಹಿಡಿದ ಸರಳು, ಬಾಲ್ಕನಿ ತುಂಬ ಒಗೆದ ಬಟ್ಟೆ. ಎದುರಿನ ಬ್ಯಾಂಕಿನವರು ಮೈತುಂಬ ಗಾಜು ಹೊದ್ದ ಮೇಲಂತೂ ನಮ್ಮ ಅವತಾರ ಅದರಲ್ಲಿ ಇನ್ನೊಮ್ಮೆ ಕಾಣತೊಡಗಿತು. ಅದಕ್ಕೇ ಸಂಘದ ಕಾರ್ಯದರ್ಶಿ ಟೂತ್‌ಪೇಸ್ಟ್ ಕಂಪನಿಯವರನ್ನು ಕರೆತಂದು, ಮೇಲಿಂದ ಕೆಳಗಿನವರೆಗೆ ಜಾಹೀರಾತಿನ ಫ್ಲೆಕ್ಸ್ ಬಿಗಿಸಿಬಿಟ್ಟರು. ನಗುವ ಹೆಂಗಸಿನ ಚಿತ್ರ. ಅವಳ ಮುಂದಿನ ಹಲ್ಲು ಸರಿಯಾಗಿ ನಮ್ಮ ಬಾಲ್ಕನಿಗೆ ಬಂತು.

“ರಸ್ತೆಗೇ ಒಂದು ಕಳೆ ಬಂತು ನೋಡಿ” ಎಂದರು ಕಾರ್ಯದರ್ಶಿ.

“ರಸ್ತೇಲಿ ಹೋಗೋರಿಗೆ ಕಳೆ. ಒಳಗಿರೋರಿಗೆ?” ಎಂದೆ.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ.”

ಏನು ಅಡ್ಜಸ್ಟ್, ಮಣ್ಣು! ನಮ್ಮ ಮನೆಯವರು ಸಿಟಿ ಬಸ್ ಡ್ರೈವರ್. ಮಗಳು ಏಳುವ ಮೊದಲೇ ಹೊರಡುತ್ತಾರೆ, ಮಲಗಿದ ಮೇಲೆ ಬರುತ್ತಾರೆ. ಸಂಜೆ ಅವರ ಬಸ್ಸು ನಮ್ಮ ಮನೆ ಮುಂದೆ ಹಾದುಹೋಗುವ ಗಳಿಗೆಯಷ್ಟೇ ಅಪ್ಪ ಮಗಳ ಭೇಟಿ. ಅವಳು ಬಾಲ್ಕನಿಯಿಂದ ಕೈ ಬೀಸುತ್ತಿದ್ದಳು, ಅವರು ತಲೆಯೆತ್ತಿ ನೋಡಿ ಹಾರ್ನ್ ಹೊಡೆಯುತ್ತಿದ್ದರು. ಫ್ಲೆಕ್ಸ್ ಬಂದಾಗಿನಿಂದ ಹಾರ್ನ್ ಇಲ್ಲ. ಮಗಳು ಆ ಬಿಳಿ ಮಬ್ಬಿನಲ್ಲಿ ನಿಂತು, ಪ್ರತಿ ಬಸ್ಸಿನ ಸದ್ದಿಗೂ “ಇದು ಅಪ್ಪಂದಾ?” ಎಂದು ಕೇಳುವಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ನಿನ್ನೆ ಸಂಜೆ ತಲೆ ಕೆಟ್ಟುಹೋಯಿತು. ಕತ್ತರಿ ತಂದು ಆ ಹಲ್ಲಿಗೆ ಮಗಳ ಮುಖ ತೂರುವಷ್ಟು ತೂತು ಮಾಡಿದೆ. ಅವಳು ಮುಖ ಹೊರಗೆ ಹಾಕಿದ್ದೇ ತಡ, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಕೆಲವರು ಬಿದ್ದು ಬಿದ್ದು ನಕ್ಕರು. ಹುಳುಕು ಹಲ್ಲಿನ ಹಾಗೆ ಕಂಡಿರಬೇಕು.

ಅವರ ಬಸ್ಸು ಬಂದು ಸಿಗ್ನಲ್ಲಿಗೆ ನಿಂತಿತು. “ಅಪ್ಪಾ!” ಎಂದು ಮಗಳು ಗಂಟಲು ಹರಿಯುವ ಹಾಗೆ ಕೂಗಿದಳು. ತೂತಿನ ಅಂಚನ್ನು ಸರಿಸಿ ನಾನೂ ಇಣುಕಿದೆ. ಕಿಟಕಿ ಪಕ್ಕ ಕೂತ ಪ್ರಯಾಣಿಕರೆಲ್ಲ ಮೇಲೆ ನೋಡುತ್ತಿದ್ದರು. ಡ್ರೈವರ್ ಮಾತ್ರ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನೆಟ್ಟಗೆ ಮುಂದೆ ನೋಡುತ್ತಿದ್ದರು. ಸಿಗ್ನಲ್ ಬಿಟ್ಟಿತು, ಬಸ್ಸು ಹೋಯಿತು. ಇಷ್ಟು ಬೇಗ ಅವರಿಗೆ ತಲೆಯೆತ್ತುವ ಅಭ್ಯಾಸವೇ ತಪ್ಪಿಹೋಯಿತಲ್ಲ ಎನಿಸಿತು.

ರಾತ್ರಿ ಬಂದ ಮೇಲೆ ‘ನಾಳೆ ತಲೆಯೆತ್ತಿ ನೋಡಿ’ ಎಂದು ಅವರಿಗೆ ಹೇಳಬಹುದಿತ್ತು. ಆದರೆ ಹೇಳಿಸಿಕೊಂಡು ಎತ್ತುವ ತಲೆ ನನಗೆ ಬೇಕಿರಲಿಲ್ಲ.

“ತೂತು ಚಿಕ್ಕದಾಯ್ತೇನಮ್ಮಾ?” ಎಂದಳು ಮಗಳು.

ಅಷ್ಟರಲ್ಲಿ ಕಾರ್ಯದರ್ಶಿ ನಮ್ಮ ಬಾಗಿಲು ದಬದಬ ಬಡಿಯತೊಡಗಿದರು.

“ಹೂಂ ಕಣೇ, ಚಿಕ್ಕದಾಯ್ತು” ಎಂದೆ. ಅವಳನ್ನು ಪಕ್ಕಕ್ಕೆ ನಿಲ್ಲಿಸಿ, ಕೈ ಎಟುಕುವಷ್ಟೂ ಉದ್ದಕ್ಕೆ ಆ ಹೆಂಗಸಿನ ನಗುವನ್ನು ಕತ್ತರಿಸತೊಡಗಿದೆ.