ಮರಳಿನ ಶ್ರುತಿ

ರಾಷ್ಟ್ರೀಯ ಉದ್ಯಾನದ ಗೇಟಿಗೆ ಸರಪಳಿ ಸುತ್ತಿತ್ತು, ಬೀಗ ಹಾಕಿರಲಿಲ್ಲ. ಚೀಟಿ ಹರಿಯುವ ಗೂಡಿನ ಗಾಜಿನ ಮೇಲೆ ಹಿಮ ಹೂಬಿಟ್ಟಂತೆ ಕಟ್ಟಿಕೊಂಡು ಒಳಗಿನ ಕುರ್ಚಿಯೂ ಕಾಣುತ್ತಿರಲಿಲ್ಲ. ನಾನು ಇಳಿದು ಸರಪಳಿ ಬಿಚ್ಚಿ, ವ್ಯಾನನ್ನು ದಾಟಿಸಿ, ಮತ್ತೆ ಸುತ್ತಿ ಬಂದೆ. ಮುಂದಿನ ಸೀಟಿನಲ್ಲಿ ಅಕ್ಕ ಯಂಜಮಾ ಕುರಿಚರ್ಮದ ನಿಲುವಂಗಿಯೊಳಗೆ ಮುದುಡಿ ಕೂತು ಸುತ್ತಲೂ ಕಣ್ಣಾಡಿಸಿದಳು.

"ಯಾರೂ ಇಲ್ಲ ಅಲ್ವೇನೋ?"

ಇಲ್ಲವೆಂದು ತಲೆಯಾಡಿಸಿದೆ.

"ಒಳ್ಳೇದಾಯ್ತು ಬಿಡು," ಎಂದು ಕಾಲು ಚಾಚಿ ಆರಾಮಾಗಿ ಒರಗಿದಳು.

ಬೇಸಿಗೆಯಲ್ಲಿ ಗೋಬಿಯ ಈ ಮೂಲೆಗೆ ಉಲಾನ್‌ಬಾತರಿನಿಂದಲೂ ಕಡಲಾಚೆಯಿಂದಲೂ ಜನ ಬರುತ್ತಾರೆ. ಹಾಡುವ ಮರಳುದಿಬ್ಬ ಹತ್ತಿ ಜಾರುವ ಸಂಭ್ರಮಕ್ಕೆ ಬುಡದ ಡೇರೆಗಳಲ್ಲಿ ಹಾಸಿಗೆ ಸಿಗುವುದಿಲ್ಲ. ಚಳಿಗಾಲದಲ್ಲಿ ಬರುವವರು ಒಂಟೆ ಕಳೆದುಕೊಂಡವರು ಮಾತ್ರ. ಅಕ್ಕ ಕಳೆದುಕೊಂಡದ್ದು ಬೇರೆ.

ನಮ್ಮಪ್ಪ ಹರಕೆ ನುಡಿಯುವವನು. ಮದುವೆಯಿರಲಿ, ಹೊಸ ಮರಿಯಿರಲಿ, ಹೊಸ ಡೇರೆಯಿರಲಿ, ಹಾಲು ಮುಟ್ಟಿಸಿ ಹರಸುವ ಪದ್ಯ ನುಡಿಯಲು ಅವನನ್ನೇ ಕರೆಯುತ್ತಿದ್ದರು. ಅವನ ಮೊಣಕಾಲ ಬಳಿ ಕೂತು ಅಕ್ಕ ನುಡಿಯಲು ಕಲಿತಳು, ಅವಳ ಹಿಂದೆ ಕೂತು ನಾನು ಕೇಳಲು ಕಲಿತೆ. ಪದ್ಯದ ಅಡಿಯಲ್ಲಿ ಎಳೆಯುವ ಆ ಕೆಳದನಿಯನ್ನು ಅಪ್ಪ ಮರಳುದಿಬ್ಬದಿಂದ ತಂದದ್ದಂತೆ. "ಶ್ರುತಿ ತಪ್ಪಿದ ಹರಕೆ ದಾರಿ ತಪ್ಪಿದ ಕುರಿಯ ಹಾಗೆ, ಯಾರ ಮನೆಗೆ ಹೋಗುತ್ತೋ ಗೊತ್ತಿಲ್ಲ" ಎನ್ನುತ್ತಿದ್ದ. ಅಕ್ಕ ಆ ಮಾತನ್ನು ಮಂತ್ರದಂತೆ ನಂಬಿದಳು. ಅದಕ್ಕೇ ಕಿವಿ ಮಂದವಾಗಿ, ಯಂತ್ರ ಹಾಕಿಕೊಂಡರೂ ತನ್ನ ದನಿ ತನಗೇ ಸರಿಯಾಗಿ ಕೇಳದಾದಾಗ ನುಡಿಯುವುದನ್ನೇ ಬಿಟ್ಟಳು. ಯಾವ ಡೇರೆಗೆ ಹೋದರೂ ಅವಳೇ ಹಿರಿಯಳು, ಅವಳನ್ನೇ ಕೇಳುತ್ತಾರೆ. ಆಮೇಲೆ ಹೋಗುವುದನ್ನೂ ಬಿಟ್ಟಳು. ಮೊಮ್ಮಗನ ಮದುವೆ ಬಿಳಿ ತಿಂಗಳ ಹೊಸವರ್ಷದ ಹಬ್ಬದ ನಂತರ ಎಂದು ಗೊತ್ತಾದ ಮೇಲೆ ಊಟವೂ ಸರಿಯಾಗಿ ಸೇರದಾಯಿತು. ಒಂದು ಬೆಳಿಗ್ಗೆ ನನ್ನ ಬಳಿ ಬಂದು, "ಆ ಮರಳಿನ ದನಿ ಒಂದ್ಸಲ ಕೇಳ್ಬೇಕು ಕಣೋ ಚೋಯ್ಜಿಲ್. ಜನ ಇಲ್ಲದಾಗ ಕರ್ಕೊಂಡ್ಹೋಗು," ಎಂದಳು. ದನಿ ಸಿಕ್ಕರೆ ಮದುವೆಯಲ್ಲಿ ನುಡಿಯುತ್ತಾಳೆ, ಸಿಗದಿದ್ದರೆ ಇನ್ನೆಂದೂ ಇಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ದಿಬ್ಬದ ಬುಡ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಪ್ರವಾಸಿಗಳ ಡೇರೆಗಳನ್ನೆಲ್ಲ ಮಡಿಚಿಟ್ಟು ಬರೀ ದುಂಡು ಹಲಗೆನೆಲ ಉಳಿದಿತ್ತು. ಅಡುಗೆಮನೆಯೊಂದರ ಚಿಮಣಿಯಲ್ಲಿ ಮಾತ್ರ ಹೊಗೆ.

"ನಾಯಿ ಹಿಡ್ಕೊಳ್ರಪ್ಪೋ," ಎಂದು ಪದ್ಧತಿಯಂತೆ ಕೂಗಿದೆ.

ನಾಯಿ ಬಿಸಿಲಲ್ಲಿ ಮಲಗಿದ್ದು ಒಂದು ಕಣ್ಣು ತೆರೆದು ಮುಚ್ಚಿತು. ಹೊರಗೆ ಬಂದದ್ದು ಕಾವಲಿನ ಹುಡುಗ ಸಂಬು ಮತ್ತು ಅವನ ಹೆಂಡತಿ ತುಯಾ. ಇಬ್ಬರದೂ ಗಾಳಿಗೆ ಕೆಂಪಾದ ಕೆನ್ನೆ.

"ಚಳಿಗಾಲ ಸುಖವಾಗಿ ಕಳೀತಾ ಇದೀರಾ?"

"ಸುಖವಾಗಿದೀವಿ. ನಿಮ್ಮ ಜಾನುವಾರು ಮೈ ತುಂಬ್ಕೊಂಡಿದಾವಾ?"

"ತುಂಬ್ಕೊಂಡಿದಾವೆ," ಎಂದೆ. ನನಗಿರುವುದು ವ್ಯಾನು ಒಂದೇ.

ಒಳಗೆ ಬೆರಣಿಯ ಒಲೆ ಕೆಂಪಗಿತ್ತು. ತುಯಾ ಉಪ್ಪುಚಹಾ ಬಗ್ಗಿಸಿದಳು, ತಟ್ಟೆ ತುಂಬ ಒಣಮೊಸರಿನ ಬಿಲ್ಲೆ ಇಟ್ಟಳು. ಚಹಾ ಮುಗಿಯುವ ತನಕ ಯಾಕೆ ಬಂದಿರಿ ಎಂದು ಇಬ್ಬರೂ ಕೇಳಲಿಲ್ಲ. ಸಂಬು ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದ.

"ದೊಡ್ಡಮ್ಮ, ನೀವು ಯಂಜಮಾ ಅಲ್ವಾ? ನಮ್ಮ ಮಾವನ ಮದುವೇಲಿ ನುಡಿದೋರು?"

ಅಕ್ಕ ಬಟ್ಟಲೊಳಗೆ ನೋಡಿದಳು. "ಚಹಾ ಚೆನ್ನಾಗಿದೆ ಕಣಮ್ಮ."

"ಅಲ್ಲ, ನಾವು ಹೊಸ ಡೇರೆ ಎಬ್ಬಿಸಿದೀವಿ," ಎಂದ ಸಂಬು ಸ್ವಲ್ಪ ಜೋರಾಗಿ. "ಈ ಶರತ್ಕಾಲದಲ್ಲಿ ಮದುವೆ ಆಯ್ತು. ಉಣ್ಣೆ ಬಡಿದು, ಕಂಬ ನಿಲ್ಸಿ, ಎಲ್ಲಾ ಮುಗೀತು. ಹರಕೆ ನುಡಿಯೋಕೆ ಹಿರಿಯರೊಬ್ಬರು ಬರಲಿ ಅಂತ ಇನ್ನೂ ಒಳಗೆ ಮಲಗಿಲ್ಲ."

"ಚಳಿಗಾಲದಲ್ಲಿ ಹಿರಿಯರು ಎಲ್ಲಿಂದ ಬರ್ತಾರೆ ಅಂತ ಇವರನ್ನ ದಿನಾ ಬೈತಾ ಇದ್ದೆ," ಎಂದಳು ತುಯಾ. "ಈ ಅಡುಗೆಮನೆ ಬೆಂಚಿನ ಮೇಲೆ ಮಲಗಿ ಮಲಗಿ ನನ್ನ ಬೆನ್ನೂ ಬೆಂಚೇ ಆಗೋಯ್ತು."

ಅಕ್ಕ ತನಗೆ ಕೇಳುವುದಕ್ಕಿಂತ ಹೆಚ್ಚು ಕೇಳುತ್ತದೆಂದು ನಟಿಸುವವಳು. ಅವತ್ತು ಮೊದಲ ಸಲ ಕಡಿಮೆ ಕೇಳುವಂತೆ ನಟಿಸಿದಳು. "ಹೌದೌದು, ಚಳಿ ಜಾಸ್ತಿ," ಎಂದು ಇನ್ನೊಂದು ಬಿಲ್ಲೆ ಬಾಯಿಗೆ ಹಾಕಿಕೊಂಡಳು. ಹಿರಿಯರನ್ನು ಎರಡನೇ ಸಲ ಕೇಳುವುದು ಪದ್ಧತಿಯಲ್ಲ. ಸಂಬು ಒಲೆಗೆ ಬೆರಣಿ ಒಟ್ಟಿದ. ನಾನು ಜಪಮಣಿ ತಿರುಗಿಸುತ್ತ ಕೂತೆ.

ಮರುದಿನ ಬೆಳಿಗ್ಗೆ ಇಬ್ಬರೂ ದಿಬ್ಬದ ಕಡೆ ಹೊರಟೆವು. ಗಾಳಿಯಿರಲಿಲ್ಲ. ಮರಳಿನ ಇಡೀ ಮೈಗೆ ತೆಳುವಾಗಿ ಹಿಮದ ಹುಡಿ ಹತ್ತಿ ಸಕ್ಕರೆ ಉದುರಿಸಿದಂತಿತ್ತು. ತೇವದ ಮರಳು ಹಾಡುವುದಿಲ್ಲ. ಅದನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಮಾತು ಬೇರೆ ಕಡೆ ತಿರುಗಿಸಲು ದಿಬ್ಬದ ಹಿಂದಿನ ಬೆಟ್ಟ ತೋರಿಸಿದೆ. "ನೋಡಕ್ಕಾ, ಇವತ್ತು ನೆತ್ತಿ ಎಷ್ಟು ಬೆಳ್ಳಗಿದೆ," ಎಂದು ಬೆಟ್ಟದ ಹೆಸರು ಹಿಡಿದೇ ಹೇಳಿಬಿಟ್ಟೆ.

ಆ ಬೆಟ್ಟ ಕಣ್ಣಿಗೆ ಕಾಣುವಲ್ಲಿ ನಿಂತು ಅದರ ಹೆಸರು ಹೇಳುವವರು ನಮ್ಮಲ್ಲಿಲ್ಲ. ಕರುಣಾಳು ಎನ್ನುತ್ತೇವೆ, ಅಷ್ಟೇ. ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ಅಕ್ಕನಿಗೆ ನನ್ನ ದನಿ ಕೇಳಿಸದಿದ್ದರೂ ತುಟಿ ಕಂಡಿತ್ತು.

"ಏನಂದೆ?"

ಜಪಮಣಿ ಹಿಡಿದುಕೊಂಡೆ.

"ಗಡ್ಡ ನರೆತ್ರೂ ಬುದ್ಧಿ ಮೊಳೀಲಿಲ್ಲ. ಮಣಿ ಎಣಿಸೋದು ಬೆರಳಿಗೆ ವ್ಯಾಯಾಮ ಅಂತ ಮಾಡ್ಕೊಂಡಿದೀಯೇನೋ?"

"ಬಾಯಿ ತಪ್ಪಿ ಬಂತಕ್ಕ."

"ಬಾಯಿ ತಪ್ಪೋದಿಕ್ಕೆ ನಿಂಗೆ ದಿನಕ್ಕೆ ನಾಲ್ಕು ಮಾತೂ ಇಲ್ಲ. ಅದರಲ್ಲೊಂದು ಇದೇ ಆಗ್ಬೇಕಿತ್ತಾ? ಹಾಲು ತೆಗಿ."

ಫ್ಲಾಸ್ಕಿನ ಹಾಲನ್ನು ಬೆಟ್ಟದ ದಿಕ್ಕಿಗೆ ಚಿಮುಕಿಸಿದಳು. ದಾರಿಬದಿಯ ಪೂಜೆಯ ಕಲ್ಲುರಾಶಿಗೆ ನನ್ನಿಂದ ಕಲ್ಲು ಹೊರಿಸಿದಳು, ಪ್ರದಕ್ಷಿಣೆ ಹಾಕಿಸಿದಳು, ಬೆಟ್ಟದ ಕಡೆ ಮುಖ ಮಾಡಿ ಕೂರಿಸಿ ಜಪ ಮಾಡಿಸಿದಳು. ಒಂದು ಮಾಲೆ ಮುಗಿಸಿ ಏಳಹೋದರೆ, "ಇನ್ನೂ ಕೋಪ ಇಳಿದಿಲ್ಲ," ಎಂದು ಮತ್ತೆ ಕೂರಿಸಿದಳು. ಯಾರ ಕೋಪ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹಾಗೆ ಕೂತಿದ್ದರೂ ಮನಸ್ಸಿಗೆ ಹಿತವಾಗಿತ್ತು. ಆಕಾಶ ಒರೆಸಿದಂತಿತ್ತು. ಬಿಸಿಲು ಬೆನ್ನ ಮೇಲೆ ಕಂಬಳಿಯಂತೆ ಕೂತಿತ್ತು.

ಅವಳಿಗೆ ಸಮಾಧಾನವಾಗಿ ನಾವು ಎದ್ದಾಗ ಹೊತ್ತು ನೆತ್ತಿಗೆ ಬಂದಿತ್ತು. ಮತ್ತೆ ನೋಡಿದರೆ ದಿಬ್ಬದ ದಕ್ಷಿಣದ ಮೈ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆಯೇ ಹತ್ತಿದ್ದರೆ ಮೂಕ ಮರಳನ್ನು ತುಳಿದು ವಾಪಸು ಬರುತ್ತಿದ್ದೆವು.

ನಾಲ್ಕು ಹೆಜ್ಜೆ ಹತ್ತಿ ಎರಡು ಹೆಜ್ಜೆ ಜಾರಿ, ಕೊನೆಗೆ ಅಂಚು ತಲುಪಿದೆವು. ಚಳಿಗೆ ಅಕ್ಕನ ಕಿವಿಯಂತ್ರ ಕೀಂ ಎಂದು ಸತ್ತುಹೋಯಿತು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, "ನೀನು ಜಾರು, ನಾನು ಕೇಳ್ತೀನಿ," ಎಂದಳು.

ಕೂತು ಜಾರಿದೆ. ಮೊದಲು ಏನೂ ಇಲ್ಲ. ಆಮೇಲೆ ನನ್ನ ಕೆಳಗೆ ಎಲ್ಲೋ ಆಳದಲ್ಲಿ ಗುಡಿಯ ಉದ್ದನೆಯ ಕಹಳೆಗೆ ಉಸಿರು ತುಂಬಿದಂತೆ ದನಿ ಎದ್ದಿತು, ಬೆಳೆಯಿತು, ಇಡೀ ದಿಬ್ಬ ಗುಂಯ್‌ಗುಟ್ಟಿತು. ಅಪ್ಪನ ಕೆಳದನಿ. ನಾನು ತಲೆಯೆತ್ತಿ ಅಕ್ಕನನ್ನು ನೋಡಿದೆ. ಅವಳು ಕತ್ತು ಓರೆ ಮಾಡಿ ಹಾಗೇ ಕಾಯುತ್ತಿದ್ದಳು. ನಾನು ನಿಂತೆ, ದನಿಯೂ ನಿಂತಿತು. ಅವಳಿನ್ನೂ ಕಾಯುತ್ತಿದ್ದಳು.

ಮತ್ತೆ ಹತ್ತಿಹೋದೆ.

"ಹಾಡ್ತಾ?" ಎಂದಳು.

ಸುಳ್ಳು ಹೇಳಲು ಬರಲಿಲ್ಲ. ಹಾಡಿತೆಂದು ತಲೆಯಾಡಿಸಿದೆ. ಅವಳ ಮುಖ ಸಣ್ಣದಾಯಿತು. ದೂರದ ಹೊಸ ಡೇರೆಯ ಕಡೆ ಕಣ್ಣು ಹಾಯಿಸಿದಳು. ಆಮೇಲೆ, ಇಷ್ಟು ದೂರ ಬಂದಾಯಿತಲ್ಲ ಎಂಬಂತೆ ನಿಲುವಂಗಿ ಒಟ್ಟುಮಾಡಿಕೊಂಡು ಮರಳಂಚಿನಲ್ಲಿ ಕೂತು ತಾನೇ ಜಾರಿದಳು.

ದಿಬ್ಬ ಅವಳ ಕೆಳಗೂ ಗುಂಯ್‌ಗುಟ್ಟಿತು. ಅರ್ಧ ದಾರಿಯಲ್ಲಿ ಅವಳ ಕೈ ಮರಳು ಬಿಟ್ಟು ಎದೆಗೆ ಹೋಯಿತು. ಅಂಗೈಯನ್ನು ಎದೆಯ ಮೂಳೆಗೆ ಒತ್ತಿ ಹಿಡಿದು ಬುಡದವರೆಗೂ ಹಾಗೇ ಇಳಿದಳು. ನಾನು ಅವಳ ಹಿಂದೆಯೇ ಉರುಳಿಕೊಂಡು ಹೋದೆ. ಟೋಪಿ ತುಂಬ ಮರಳು, ಬಾಯಿ ತುಂಬ ನಗು.

"ಒಳಗೆ ಬಂತು ಕಣೋ," ಎಂದಳು. "ಕಿವಿಗಲ್ಲ. ಇಲ್ಲಿಗೆ. ಅಪ್ಪನ ಬೆನ್ನಿಗೆ ಒರಗಿ ಕೂತಾಗ ಹೀಗೇ ನಡುಗ್ತಿತ್ತು."

ಅಂಗೈ ತೆಗೆಯದೆ, ಬಾಯಿ ಮುಚ್ಚಿಯೇ ಒಂದು ಎಳೆ ಎಳೆದಳು. ಸ್ವಲ್ಪ ಮೇಲಿತ್ತು. ಅಂಗೈಯಲ್ಲಿ ಹುಡುಕುತ್ತ ನಿಧಾನವಾಗಿ ಇಳಿಸಿದಳು. ಅವಳ ದನಿ ಮರಳಿನ ದನಿ ಇದ್ದ ಜಾಗಕ್ಕೇ ಬಂದು ಕೂತಿತು. ನನಗೆ ಅರಿವಿಲ್ಲದೆ ಬೆರಳು ಮಣಿಯ ಮೇಲೆ ನಿಂತಿತು.

"ಸರಿ ಇದೆಯಾ?" ಎಂದು ನನ್ನ ತುಟಿ ನೋಡಿದಳು.

"ಸರಿ ಇದೆ."

"ನಿಜ ಹೇಳು. ಇಷ್ಟು ವರ್ಷ ನನ್ನ ಹಿಂದೆ ಕೂತು ಕೇಳ್ದೋನು ನೀನೊಬ್ಬನೇ."

"ಸರಿ ಇದೆ ಅಕ್ಕ. ಅಪ್ಪನದೇ."

"ಹಾಗಾದ್ರೆ ಇಷ್ಟು ದಿನ ಒಂದ್ಸಲನಾದ್ರೂ ಯಾಕೆ ಹೇಳ್ಲಿಲ್ಲ, ಸರಿ ಅಂತಾನೋ ತಪ್ಪು ಅಂತಾನೋ?"

"ನೀನು ಕೇಳಲಿಲ್ಲ."

ನನ್ನ ಟೋಪಿಯ ಮರಳನ್ನು ನನ್ನ ತಲೆಯ ಮೇಲೇ ಕೊಡವಿ, ಅಡುಗೆಮನೆಯ ಕಡೆ ಬಿರಬಿರನೆ ನಡೆದಳು.

ತುಯಾ ಬಾಗಿಲಲ್ಲೇ ಇದ್ದಳು. ಅಕ್ಕ ಕೇಳಿದ್ದು ಒಂದೇ ಮಾತು. "ಹಾಲು ಎಲ್ಲಮ್ಮ? ಬಟ್ಟಲು ಬೆಳ್ಳಿದು ಇದೆಯಾ, ಇಲ್ಲಾ ಈ ಪ್ಲಾಸ್ಟಿಕ್ಕಿದೇನಾ?"

ಸಂಬು ಓಡಿಹೋಗಿ ತಾಯಿ ಕೊಟ್ಟ ಬೆಳ್ಳಿ ಬಟ್ಟಲು ಹುಡುಕಿ ತಂದ. ಅವಸರದಲ್ಲಿ ಹೊಸ ಡೇರೆಯ ಹೊಸ್ತಿಲನ್ನು ತುಳಿಯಹೋಗಿ ತುಯಾಳ ಕೈಯಲ್ಲಿ ಭುಜಕ್ಕೊಂದು ಏಟು ತಿಂದ. ಒಳಗೆ ಹೊಸ ಉಣ್ಣೆಯ ವಾಸನೆ. ಅಕ್ಕ ನೀಲಿ ರೇಷ್ಮೆಯ ಪಟ್ಟಿಯ ಮೇಲೆ ಹಾಲಿನ ಬಟ್ಟಲಿಟ್ಟುಕೊಂಡು ಹಿರಿಯರಿಗೆ ಮೀಸಲಾದ ಉತ್ತರದ ಜಾಗದಲ್ಲಿ ನಿಂತಳು. ನನ್ನನ್ನು ಎಂದಿನಂತೆ ಹಿಂದೆ ಕೂರಲು ಬಿಡಲಿಲ್ಲ. ತೋಳು ಹಿಡಿದು ತನ್ನ ಕಣ್ಣೆದುರು ಒಲೆಯ ಪಕ್ಕ ಕೂರಿಸಿದಳು.

"ದನಿ ಜಾರಿದ್ರೆ ಬೆರಳೆತ್ತು. ನಾಚ್ಕೋಬೇಡ."

ಬೆರಳನ್ನು ಹಾಲಿಗೆ ಅದ್ದಿ ಜಾಲರಿ ಗೋಡೆಗೆ, ಎರಡೂ ಕಂಬಕ್ಕೆ, ಬಾಗಿಲ ಚೌಕಟ್ಟಿಗೆ ಮುಟ್ಟಿಸಿದಳು. ಆಮೇಲೆ ಬಲಗೈಯಲ್ಲಿ ಬಟ್ಟಲು ಹಿಡಿದು ಎಡಗೈಯನ್ನು ಎದೆಗಿಟ್ಟಳು. ಕೆಳದನಿ ಮೊದಲು ಎದ್ದಿತು, ಅದರ ಮೇಲೆ ಮಾತು.

ಹೊಗೆಯೇರುವ ಕಿಂಡಿಯಲ್ಲಿ ಹಗಲು ಇಳಿದು ಬರಲಿ,
ಬಗಲ ಬಾಗಿಲು ತೆರೆದಾಗ ನಗುವ ಮುಖವೇ ಇರಲಿ,
ಸೊಗದ ಹಾಲು ಕುದಿವಾಗ ಮಗುವ ದನಿಯು ಬೆರೆಯಲಿ.

ತುಯಾ ನಿಲುವಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಸಂಬು ಟೋಪಿ ತೆಗೆಯುವುದೋ ಹಾಕಿಕೊಳ್ಳುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದ. ಅಕ್ಕನ ಕಣ್ಣು ಪ್ರತಿ ಸಾಲಿನ ಕೊನೆಗೂ ನನ್ನ ಕೈಗೆ ಬರುತ್ತಿತ್ತು. ಮಾಲೆ ಬೆರಳಿಗೆ ಸುತ್ತಿಕೊಂಡು ಕೈಯನ್ನು ಮೊಣಕಾಲ ಮೇಲೆ ಇಟ್ಟೇ ಇದ್ದೆ. ಕೊನೆಯ ಸಾಲಿನವರೆಗೂ ಅದು ಅಲ್ಲಿಂದ ಏಳಲಿಲ್ಲ.